ಕಿಟಕಿಯಿಲ್ಲದ ಬಚ್ಚಲುಮನೆಗೆ ಯಾವ ಎಕ್ಸಾಸ್ಟ್ ಫ್ಯಾನ್ ಹಾಕಿಸಬೇಕು?

ಪ್ರಶ್ನೆ

ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ನಾಲ್ಕನೆಯ ಮಹಡಿಯಲ್ಲಿ ನಮ್ಮ ವಾಸ. ಒಳಗಿನ ಬಚ್ಚಲುಮನೆ 8 ಅಡಿ ಉದ್ದ, 5 ಅಡಿ ಅಗಲವಿದ್ದು, ಫಾಲ್ಸ್ ಸೀಲಿಂಗಿನವರೆಗೆ 8 ಅಡಿ ಎತ್ತರವಿದೆ, ಕಿಟಕಿಯಿಲ್ಲ. ಸೀಲಿಂಗಿನಲ್ಲಿ ಕೂರಿಸಿರುವ 4 ಇಂಚಿನ ಫ್ಯಾನ್, ಸುಮಾರು 6 ಅಡಿ ಉದ್ದದ ಸುಕ್ಕುಸುಕ್ಕಾದ ಅಲ್ಯುಮಿನಿಯಂ ಪೈಪಿನ ಮೂಲಕ ಗಾಳಿಯನ್ನು ಕಟ್ಟಡದ ಶಾಫ್ಟಿಗೆ ಬಿಡುತ್ತದೆ. ಎರಡು ವರ್ಷದ ಹಿಂದಷ್ಟೇ ಹಾಕಿಸಿದ ಅದು ಈಗ ಗುಂಯ್‌ಗುಡುತ್ತ, ನಿಂತು ನಿಂತು ತಿರುಗುತ್ತಿದೆ. ಬೆಳಗಿನ ಐದಕ್ಕೆ ಸ್ನಾನಕ್ಕೆ ಹೋಗುವ ಅಮ್ಮ ಅದರ ಸ್ವಿಚ್ ಒತ್ತಿದರೆ ಮನೆಮಂದಿಗೆಲ್ಲ ಎಚ್ಚರವಾಗುತ್ತದೆ. ಸದ್ದನ್ನಾದರೂ ಸಹಿಸಬಹುದು, ಫ್ಯಾನ್ ನೆಟ್ಟಗಿದ್ದ ದಿನಗಳಲ್ಲೂ ಸ್ನಾನವಾಗಿ ಗಂಟೆ ಕಳೆದರೂ ಕನ್ನಡಿಯ ಮೇಲಿನ ಹಬೆ ಆರುತ್ತಿರಲಿಲ್ಲ, ಟೈಲ್ಸ್ ಸಂದಿಯಲ್ಲಿ ಕಪ್ಪು ಬೂಷ್ಟು ಕಟ್ಟುವುದು ನಿಲ್ಲುತ್ತಿರಲಿಲ್ಲ. ಸೀಲಿಂಗನ್ನು ಇನ್ನಷ್ಟು ಕೊರೆದು 6 ಇಂಚಿನ ಫ್ಯಾನ್ ಕೂರಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಅದು ಸರಿಯೇ ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಕಟ್ಟಡಗಳಿಗೆ ಗಾಳಿಯ ವ್ಯವಸ್ಥೆ ಮಾಡುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಿಮ್ಮ ಬಚ್ಚಲುಮನೆಯಲ್ಲಿರುವುದು 320 ಘನ ಅಡಿ, ಎಂದರೆ ಸುಮಾರು 9 ಘನ ಮೀಟರ್ ಗಾಳಿ. ಗಂಟೆಗೆ ಹತ್ತು ಸಲ ಅಷ್ಟೂ ಗಾಳಿ ಬದಲಾಗಬೇಕೆಂದು ಲೆಕ್ಕ ಹಾಕಿದರೂ ಗಂಟೆಗೆ 90 ಘನ ಮೀಟರ್ ಸಾಕು, ಮತ್ತು 4 ಇಂಚಿನ ಹಲವು ಫ್ಯಾನ್‌ಗಳ ಡಬ್ಬಿಯ ಮೇಲೆ ಹೆಚ್ಚುಕಡಿಮೆ ಅಷ್ಟೇ ಬರೆದಿರುತ್ತದೆ. ಆದರೆ ಆ ಅಂಕಿ ಪೈಪಿಲ್ಲದೆ, ಎದುರೊತ್ತಡವಿಲ್ಲದೆ ಬಯಲಿಗೆ ಊದುವಾಗ ಅಳೆದದ್ದು. ಮೇಜಿನ ಫ್ಯಾನಿನಂತೆ ಬರೀ ರೆಕ್ಕೆಯಿರುವ ಆಕ್ಸಿಯಲ್ ಫ್ಯಾನಿಗೆ ಎದುರೊತ್ತಡವನ್ನು ಮೀರುವ ಕಸುವು ಕಡಿಮೆ. ಸುಕ್ಕುಗಟ್ಟಿದ, ಎರಡು ಕಡೆ ಬಾಗಿದ ಪೈಪನ್ನು ಜೋಡಿಸಿದರೆ ಅದು ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಹೋಗುವುದಿಲ್ಲ. ಇರುವ ಪೈಪಿಗೇ 6 ಇಂಚಿನ ಫ್ಯಾನ್ ಹೊಂದಿಸುವುದು ಬಿಂದಿಗೆಯ ನೀರನ್ನು ಸೀಸೆಯ ಬಾಯಿಗೆ ಮಗುಚಿದಂತೆ, ಹೆಚ್ಚುವುದು ಸದ್ದು.

ನನ್ನ ಸಲಹೆ 4 ಇಂಚಿನ ಇನ್‌ಲೈನ್ ಫ್ಯಾನ್. ಇದನ್ನು ಸೀಲಿಂಗಿನ ಮೇಲೆ, ಪೈಪಿನ ನಡುವೆ, ಶಾಫ್ಟಿಗೆ ಹತ್ತಿರವಾಗಿ ಕೂರಿಸುವುದರಿಂದ ಮೋಟಾರು ಕಿವಿಯಿಂದ ದೂರವಿರುತ್ತದೆ; ಪೈಪಿನ ಅಡ್ಡಿಯನ್ನು ಎದುರಿಸಿ ತಳ್ಳುವ ಶಕ್ತಿಯೂ ಇದಕ್ಕಿದೆ. ಬಾಲ್ ಬೇರಿಂಗ್ (ಮೋಟಾರಿನ ಅಚ್ಚು ಸಣ್ಣ ಗುಂಡುಗಳ ಮೇಲೆ ತಿರುಗುವಂಥದ್ದು) ಇರುವುದನ್ನೇ ಕೇಳಿ. ಸೀಲಿಂಗಿಗೆ ಕೂರಿಸಿದ ಫ್ಯಾನಿನ ಅಚ್ಚು ನೆಟ್ಟಗೆ ನಿಲ್ಲುವುದರಿಂದ, ಗುಂಡುಗಳ ಬದಲು ಬರೀ ಲೋಹದ ಬಳೆ, ಎಂದರೆ ಬುಷ್ ಇರುವ ಮೋಟಾರು ತೇವಕ್ಕೆ ಸಿಕ್ಕಿ ಬೇಗ ಸವೆಯುತ್ತದೆ. ನಿಮ್ಮದು ಎರಡೇ ವರ್ಷಕ್ಕೆ ಹೀಗಾದದ್ದಕ್ಕೆ ಅದೇ ಕಾರಣವಿರಬಹುದು.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಫ್ಯಾನ್ ತಿರುಗುತ್ತಿರುವಾಗ ಬಾಗಿಲು ಮುಚ್ಚಿ, ಒಂದು ಪದರ ಟಿಶ್ಯೂ ಕಾಗದವನ್ನು ಜಾಲರಿಗೆ ಹಿಡಿದು ಕೈಬಿಡಿ. ಅನಂತರ ಬಾಗಿಲನ್ನು ಎರಡು ಬೆರಳಷ್ಟು ತೆರೆದಿಟ್ಟು ಮತ್ತೆ ಹಿಡಿದು ನೋಡಿ. ಆಗ ಮಾತ್ರ ಕಾಗದ ಅಂಟಿಕೊಂಡರೆ, ಒಳಗೆ ಗಾಳಿ ಬರಲು ದಾರಿ ಸಾಲದೆಂದು ಅರ್ಥ.

ಎರಡನೆಯ ಉತ್ತರ

ಗೀಸರ್ ಯಾವುದೆಂದು ನೀವು ಬರೆದಿಲ್ಲ. ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇದ್ದರೆ ಫ್ಯಾನಿನ ಮಾತನ್ನು ಬದಿಗಿಟ್ಟು, ಮೊದಲು ಅದನ್ನು ಹೊರಗೆ ಹಾಕಿಸಿ. ಮುಚ್ಚಿದ ಕೋಣೆಯಲ್ಲಿ ಅದು ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ಅದನ್ನು ನಂಬಿ ಸ್ನಾನಕ್ಕಿಳಿಯುವಂತಿಲ್ಲ.

ಇನ್ನೊಂದು ಮಾತು: ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ಷಟರ್ ಇರುವ ಫ್ಯಾನನ್ನೇ ಕೊಳ್ಳಿ. ನಮ್ಮ ಮನೆಯಲ್ಲಿ ಅದಿಲ್ಲದ ಕಾರಣ, ಕೆಳಗಿನ ಮನೆಯಲ್ಲಿ ಮೀನು ಹುರಿದದ್ದು ನಮ್ಮ ಸೋಪಿನ ಡಬ್ಬಿಗೂ ತಿಳಿಯುತ್ತಿತ್ತು.

ಮೂರನೆಯ ಉತ್ತರ

ನಾನಿರುವ ಇಂಗ್ಲೆಂಡಿನಲ್ಲಿ ಕಿಟಕಿಯಿಲ್ಲದ ಬಚ್ಚಲುಮನೆ ತೀರ ಸಾಮಾನ್ಯ. ಬೇಕಾದಾಗ ಮಾತ್ರ ಓಡಿಸುವ ಫ್ಯಾನಿಗೆ ಇಲ್ಲಿನ ಕಟ್ಟಡ ನಿಯಮ ಕೇಳುವುದು ಸೆಕೆಂಡಿಗೆ 15 ಲೀಟರ್, ಅಂದರೆ ಗಂಟೆಗೆ 54 ಘನ ಮೀಟರ್ ಅಷ್ಟೆ. ಆದರೆ ದೀಪ ಆರಿಸಿದ ಮೇಲೂ ಫ್ಯಾನ್ 15 ನಿಮಿಷ ತಿರುಗುವಂತೆ ಟೈಮರ್ ಇರುತ್ತದೆ. ಒದ್ದೆ ಗೋಡೆ ಆರಬೇಕಾದರೆ ಆ ಹೊತ್ತು ಬೇಕೇ ಬೇಕು. ನಮ್ಮೂರಿನಲ್ಲಿ ಸ್ನಾನ ಮುಗಿದೊಡನೆ ಕರೆಂಟು ಉಳಿಸಲು ಫ್ಯಾನ್ ಆರಿಸಿಬಿಡುತ್ತೇವೆ. 25 ವ್ಯಾಟಿನ ಫ್ಯಾನ್ 40 ಗಂಟೆ ತಿರುಗಿದರೆ ಆಗುವುದು ಒಂದು ಯೂನಿಟ್.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಗೀಸರ್ ವಿದ್ಯುತ್ತಿನದು. ಕಾಗದದ ಪರೀಕ್ಷೆ ಮಾಡಿದೆ: ಬಾಗಿಲು ಮುಚ್ಚಿದ್ದಾಗ ಕಾಗದ ತೇಲಿಕೊಂಡು ನೆಲಕ್ಕೆ ಬಿತ್ತು, ಎರಡು ಬೆರಳು ತೆರೆದಾಗ ಈ ಮುದಿ ಫ್ಯಾನಿಗೇ ಅಂಟಿಕೊಂಡಿತು. ಕೂತು ನೋಡಿದರೆ, ಜಿರಳೆ ಬರುತ್ತದೆಂದು ನಾವೇ ಬಾಗಿಲಿನ ಅಡಿಗೆ ಬಡಿಸಿದ್ದ ರಬ್ಬರ್ ಪಟ್ಟಿ ಗ್ರಾನೈಟ್ ಹೊಸಿಲಿಗೆ ಕಚ್ಚಿ ಕೂತಿದೆ. ಪಟ್ಟಿ ಕಿತ್ತರೂ 3 ಮಿಲಿಮೀಟರ್ ಸಂದು ಸಿಕ್ಕೀತು. ಅಷ್ಟು ಸಾಕೇ? ಬಾಗಿಲು ಪ್ಲೈವುಡ್ಡಿನದು, ಕೊಯ್ಯಿಸಲು ಹೆದರಿಕೆ.

ಮೊದಲ ಉತ್ತರ ಬರೆದವರು

ಸಾಲದು. 4 ಇಂಚಿನ ಪೈಪಿನ ಬಾಯಿ ಸುಮಾರು 78 ಚದರ ಸೆಂಟಿಮೀಟರ್. ನಿಮ್ಮ ಬಾಗಿಲು 75 ಸೆಂಟಿಮೀಟರ್ ಅಗಲವಿದೆಯೆಂದು ಹಿಡಿದರೆ, 1 ಸೆಂಟಿಮೀಟರ್ ಸಂದು ಬಿಟ್ಟಾಗ ಅದಕ್ಕೆ ಸಮಸಮ ಬರುತ್ತದೆ. ಒಳಬರುವ ದಾರಿಯಿಲ್ಲದೆ ಹೊರಹೋಗುವ ಗಾಳಿಯಿಲ್ಲ. ಜಿರಳೆಗೆ ನೆಲದ ಟ್ರ್ಯಾಪಿನ (ಬಚ್ಚಲ ನೀರು ಹೋಗುವ ಕಿಂಡಿಯ) ಜಾಲರಿಯನ್ನು ನೋಡಿ, ಅದರ ಹಾದಿ ಹೆಚ್ಚಾಗಿ ಅದೇ. ಕೊಯ್ದ ಅಂಚು ಬಣ್ಣವಿಲ್ಲದೆ ಬರಿದಾಗಿ ಉಳಿದರೆ ಪ್ಲೈವುಡ್ಡು ನೀರು ಕುಡಿದು ಉಬ್ಬುತ್ತದೆ. ಕೊಯ್ಯಿಸಿದ ದಿನವೇ, ಕಳಚಿದ ಬಾಗಿಲನ್ನು ಮಲಗಿಸಿ, ಅಂಚಿಗೆ ಎರಡು ಕೈ ಎಪಾಕ್ಸಿ ಪ್ರೈಮರ್ ಹೊಡೆಸಿ, ಒಣಗಿದ ಮೇಲೆ ತಗುಲಿಹಾಕಿಸಿ. ಸುಕ್ಕಿನ ಪೈಪಿನ ಬದಲು 110 ಮಿಲಿಮೀಟರ್ ಪಿವಿಸಿ ಪೈಪನ್ನು ಶಾಫ್ಟಿನ ಕಡೆಗೆ ತುಸು ಇಳಿಜಾರಾಗಿ ಹಾಕಿಸಿದರೆ, ಹಬೆ ನೀರಾಗಿ ಮೋಟಾರಿನ ಮೇಲೆ ತೊಟ್ಟಿಕ್ಕುವುದೂ ತಪ್ಪುತ್ತದೆ. ಇಷ್ಟಾದ ಮೇಲೆ ಇನ್‌ಲೈನ್ ಫ್ಯಾನಿನ ಬೆಲೆ ಹೆಚ್ಚೆನಿಸಿದರೆ, ಬಾಲ್ ಬೇರಿಂಗಿನ 4 ಇಂಚಿನ ಸಾಮಾನ್ಯ ಫ್ಯಾನನ್ನೇ ಟೈಮರ್ ಜೊತೆ ಹಾಕಿಸಿ. ಸೀಲಿಂಗನ್ನು ಮಾತ್ರ ಕೊರೆಸಬೇಡಿ.