ಪೇರೋಲ್ ಕೆಲಸಕ್ಕೆ ಅನುಭವಿ ಬ್ಯಾಕೆಂಡ್ ಡೆವಲಪರ್ ಬೇಕು, ಇಂಟರ್ವ್ಯೂನಲ್ಲಿ ಏನು ಕೇಳಲಿ?

ಪ್ರಶ್ನೆ: ವಿನೋಬನಗರದವರು
ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಕಂಪನಿ. ಆಸ್ಪತ್ರೆ, ಶಾಲೆ, ಫೌಂಡ್ರಿಗಳಿಗೆ ಸಂಬಳದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಐದಾರು ವರ್ಷ ಅನುಭವ ಇರುವ ಬ್ಯಾಕೆಂಡ್ ಡೆವಲಪರ್ ಹುಡುಕುತ್ತಿದ್ದೇವೆ. ಬರುವವರಿಗೆ ಜಾವಾ, ಪೋಸ್ಟ್‌ಗ್ರೆಸ್ ಚೆನ್ನಾಗಿ ಗೊತ್ತು, ಅಲ್ಗಾರಿದಮ್ ಪ್ರಶ್ನೆಗೆ ಪಟಪಟ ಉತ್ತರ ಕೊಡುತ್ತಾರೆ, ಆದ್ರೆ ಸಂಬಳದ ಲೆಕ್ಕ ಇವರ ಕೈಗೆ ಕೊಡಬಹುದಾ ಅಂತ ಮಾತ್ರ ಗೊತ್ತಾಗುತ್ತಿಲ್ಲ. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ಆರೋಗ್ಯ ವಿಮೆ) ನಿಯಮಗಳು ಮೊದಲೇ ತಿಳಿದಿರಲೇಬೇಕಾ? ಬೆಂಗಳೂರಿಂದ ವಾಪಸ್ ಬಂದವರು ಇಲ್ಲಿ ನಿಲ್ಲುತ್ತಾರಾ?

ಭದ್ರಾವತಿಯವರು
ನಿಯಮ ಕಲಿಸಬಹುದು. ದುಡ್ಡಿನ ಲೆಕ್ಕ ಅಂದ್ರೆ ಜಾಗ್ರತೆ ಬೇಕು ಅನ್ನೋದನ್ನು ಕಲಿಸೋದು ಕಷ್ಟ. ಅಲ್ಗಾರಿದಮ್ ಬಿಡಿ, ಒಂದು ಸಂಬಳದ ಲೆಕ್ಕ ಕೊಡಿ.

ನೌಕರನ ಸಂಬಳ 20,500. ಇಎಸ್‌ಐಗೆ ಅವನ ಪಾಲು ಶೇ. 0.75, ಅಂದ್ರೆ 153 ರೂಪಾಯಿ 75 ಪೈಸೆ, ಅದನ್ನು ಮೇಲಕ್ಕೆ ಏರಿಸಿ 154 ಹಿಡಿಯಬೇಕು. ಜೂನ್‌ನಲ್ಲಿ ಸಂಬಳ 22,000 ಆಯಿತು. ಮಿತಿ 21,000, ಹಾಗಂತ ಆ ತಿಂಗಳೇ ಕಡಿತ ನಿಲ್ಲಿಸುವ ಹಾಗಿಲ್ಲ, ಸೆಪ್ಟೆಂಬರ್ ಮುಗಿಯುವವರೆಗೂ ಹಿಡಿಯಬೇಕು. ಈ ನಿಯಮ ನೀವೇ ಹೇಳಿಬಿಡಿ. ಆಮೇಲೆ ಕೇಳಿ: ಏರಿಕೆ ಜೂನ್‌ನಿಂದಲೇ ಇತ್ತು ಅಂತ ಎಚ್‌ಆರ್ ಆಗಸ್ಟ್‌ನಲ್ಲಿ ಹೇಳಿದ್ರೆ ಏನು ಮಾಡುತ್ತೀರಿ? ಹಳೇ ಸಂಬಳದ ಮೇಲೇ ಹೊಸದನ್ನು ಬರೆದುಬಿಡುವವರು ಬೇಡ. ಯಾವ ತಾರೀಕಿನಿಂದ ಯಾವ ಸಂಬಳ ಅಂತ ಎರಡನ್ನೂ ಇಟ್ಟುಕೊಂಡು, ಜೂನ್ ಜುಲೈ ಸ್ಲಿಪ್ ಮುಟ್ಟದೆ, ವ್ಯತ್ಯಾಸವನ್ನು ಆಗಸ್ಟ್‌ನಲ್ಲಿ ಅರಿಯರ್ಸ್ (ಹಿಂದಿನ ಬಾಕಿ) ಅಂತ ತೋರಿಸುವವರು ಸಿಕ್ಕರೆ ಬಿಡಬೇಡಿ. ಕೋಡ್‌ನಲ್ಲಿ ದುಡ್ಡನ್ನು ಫ್ಲೋಟ್‌ನಲ್ಲಿ (ಪೈಸೆ ಲೆಕ್ಕ ಸ್ವಲ್ಪ ತಪ್ಪಬಹುದು) ಇಡುತ್ತಾರಾ, ಡೆಸಿಮಲ್‌ನಲ್ಲಾ (ಪೈಸೆ ಸರಿಯಾಗಿ ಉಳಿಯುತ್ತೆ), ಅದನ್ನೂ ನೋಡಿ.

ಸಾಗರದವರು
ಮೇಲಿನದು ಸರಿ. ನಾನಾದ್ರೆ ಇನ್ನೊಂದು ಕೇಳುತ್ತೇನೆ. ಸಂಬಳ ಹಾಕಲು ಬ್ಯಾಂಕಿಗೆ ರಿಕ್ವೆಸ್ಟ್ ಹೋಯಿತು, ಟೈಮ್‌ಔಟ್ ಆಯಿತು (ಹೊತ್ತಿಗೆ ಉತ್ತರ ಬರಲಿಲ್ಲ), ಮುಂದೇನು? ‘ಮತ್ತೆ ಕಳಿಸುತ್ತೇನೆ’ ಅಂದ್ರೆ ಎರಡು ಸಲ ಸಂಬಳ ಹೋಗಬಹುದು, ಕೊಟ್ಟ ದುಡ್ಡು ವಾಪಸ್ ಕೇಳೋದು ಸುಲಭ ಅಲ್ವಲ್ಲ. ಮೊದಲು ಸ್ಟೇಟಸ್ ಕೇಳಬೇಕು, ಕಳಿಸಿದ್ರೂ ಹಳೇ ರೆಫರೆನ್ಸ್ ನಂಬರ್‌ನಲ್ಲೇ ಕಳಿಸಬೇಕು, ಆಗ ಅದು ಅದೇ ಪಾವತಿ ಅಂತ ಬ್ಯಾಂಕಿಗೆ ಗೊತ್ತಾಗುತ್ತೆ.

ವೃತ್ತಿ ತೆರಿಗೆಯೂ ಒಳ್ಳೇ ಪರೀಕ್ಷೆ. ನಮ್ಮ ರಾಜ್ಯದಲ್ಲಿ 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ ತಿಂಗಳಿಗೆ 200, 2025ರ ಏಪ್ರಿಲ್‌ನಿಂದ ಬಂದ ತಿದ್ದುಪಡಿಯಲ್ಲಿ ಫೆಬ್ರವರಿಗೆ ಮಾತ್ರ 300. ಕೋಡ್ ಒಳಗೇ 200 ಅಂತ ಬರೆದಿಟ್ಟವರಿಗೆ ಇಂಥ ತಿದ್ದುಪಡಿ ಬಂದಾಗಲೆಲ್ಲ ಪೇಚಾಟ.

ಹೊಸನಗರದವರು
ನಿಲ್ಲುತ್ತಾರಾ ಅಂದ್ರಲ್ಲ, ನಿಲ್ಲುತ್ತಾರೆ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ, ಅಡಿಕೆ ತೋಟ ಇರುವವರು ಇಲ್ಲೇ ಕೆಲಸ ಸಿಕ್ಕರೆ ಸಾಕು ಅಂತ ಕಾಯುತ್ತಿದ್ದಾರೆ. ಆದ್ರೆ ‘ಊರಲ್ಲೇ ಇದ್ದೀರಲ್ಲ, ಖರ್ಚು ಕಡಿಮೆ’ ಅಂತ ಸಂಬಳ ಅರ್ಧ ಮಾಡಬೇಡಿ. ನನಗೆ ಒಂದು ಕಡೆ ಹೀಗೇ ಹೇಳಿದ್ರು, ತುಂಬಾ ಬೇಜಾರಾಯಿತು. ಕೆಲಸ ಅದೇ, ಜವಾಬ್ದಾರಿನೂ ಅದೇ ಅಲ್ವಾ.

ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋದ್ರೆ ಯಾವಾಗ ಬರುತ್ತೋ ಹೇಳಕ್ಕಾಗಲ್ಲ. ತಿಂಗಳ 7ಕ್ಕೆ ಟಿಡಿಎಸ್ (ಸಂಬಳದಲ್ಲಿ ಹಿಡಿದ ಆದಾಯ ತೆರಿಗೆ), 15ಕ್ಕೆ ಪಿಎಫ್ ಕಟ್ಟಬೇಕು, ಅದು ಮಳೆಗೆ ಕಾಯಲ್ಲ. ಆ ದಿನಗಳಲ್ಲಿ ಶಿವಮೊಗ್ಗದ ಆಫೀಸಿಗೆ ಬರಬೇಕಾಗುತ್ತೆ ಅಂತ ಮೊದಲೇ ಹೇಳಿ. ಕೊಯ್ಲಿನ ಹೊತ್ತಲ್ಲಿ ರಜೆ ಕೇಳುತ್ತಾರೆ, ಅದನ್ನೂ ಈಗಲೇ ಮಾತಾಡಿಕೊಳ್ಳಿ.

ವಿನೋಬನಗರದವರು
ತುಂಬಾ ಉಪಕಾರ ಆಯಿತು. ಸಂಬಳದ ಲೆಕ್ಕ ಮನೆಗೇ ಕೊಟ್ಟು ಮಾಡಿಸಬಹುದಾ?

ಭದ್ರಾವತಿಯವರು
ಎದುರಿಗೆ ಕೂತು ಮಾಡಿಸಿ, ಅವರು ಕೇಳುವ ಪ್ರಶ್ನೆಗಳಲ್ಲೇ ಅರ್ಧ ಗೊತ್ತಾಗುತ್ತೆ. ಮತ್ತೆ, ನಿಮ್ಮ ಗಿರಾಕಿಗಳ ನೌಕರರ ನಿಜವಾದ ಹೆಸರು, ಪ್ಯಾನ್ ನಂಬರ್ ದಯವಿಟ್ಟು ಆ ಲೆಕ್ಕಕ್ಕೆ ಹಾಕಬೇಡಿ.