ಚಳಿಗಾಲದಲ್ಲಿ ಐದು ವಾರ ಬೀಗ ಹಾಕುವ ಮಿನಿಯಾಪೊಲಿಸ್‌ನ ಮನೆ: ನೀರಿನ ಪೈಪುಗಳಿಗೆ ಏನು ಮಾಡಬೇಕು?

ಪ್ರಶ್ನೆ: ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ನಮ್ಮ ಹಿರಿಯ ಮಗಳು, ಅಳಿಯ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಈ ವರ್ಷ ಸ್ವಂತ ಮನೆ ಕೊಂಡಿದ್ದಾರೆ. ಇದುವರೆಗೆ ಬಾಡಿಗೆ ಮನೆಯಲ್ಲಿದ್ದುದರಿಂದ ಪೈಪು, ಹೀಟರಿನ ಚಿಂತೆಯೆಲ್ಲ ಮಾಲೀಕರದಾಗಿತ್ತು. ಮಾಘಮಾಸದಲ್ಲಿ ಚಿಕ್ಕ ಮಗಳ ಮದುವೆ ಇರುವುದರಿಂದ ಮೊಮ್ಮಕ್ಕಳನ್ನೂ ಕರೆದುಕೊಂಡು ಐದು ವಾರ ಇಲ್ಲಿಗೆ ಬರುತ್ತಾರೆ. ಅಷ್ಟೂ ದಿನ ಆ ಮನೆಗೆ ಬೀಗ. ಅಲ್ಲಿ ಜನವರಿ, ಫೆಬ್ರವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದೂ ಉಂಟು.

ಮನೆ ಬಿಸಿ ಮಾಡುವ ಯಂತ್ರ ಹಾಕಿಟ್ಟು ಬಂದರೆ ಸಾಕು ಎಂದು ಮಗಳು ಹೇಳುತ್ತಾಳೆ. ನಲ್ಲಿಗಳನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟು ಬರೋಣ ಎಂಬುದು ಅಳಿಯಂದಿರ ಮಾತು. ಮೊನ್ನೆ ವಿಡಿಯೊ ಕರೆಯಲ್ಲಿ ಹಿತ್ತಲು ತೋರಿಸುವಾಗ, ಹೊರಗೋಡೆಯ ನಲ್ಲಿಗೆ ಗಿಡಗಳಿಗೆ ನೀರು ಬಿಡುವ ಹಸಿರು ಪೈಪು ಇನ್ನೂ ಸಿಕ್ಕಿಸಿದ್ದು ಕಂಡಿತು. ಅದರ ತುದಿಯಲ್ಲಿ ಆಗಲೇ ಹಿಮ ಕಟ್ಟಿತ್ತು. ಅಂಥ ಚಳಿಯ ಊರುಗಳಲ್ಲಿ ಇದ್ದು ಬಂದವರು ದಯವಿಟ್ಟು ತಿಳಿಸಿ.

ಉತ್ತರ: ಮಾಜಿ ಸೈನಿಕ, ಚಿತ್ರದುರ್ಗ

ಅಕ್ಕಾವರೆ, ನಾನು ಎರಡು ಚಳಿಗಾಲ ಲೇಹ್‌ನಲ್ಲಿ ಕೆಲಸ ಮಾಡಿದ್ದೇನೆ. ಪೈಪಿನಲ್ಲಿ ರಾತ್ರಿ ನೀರು ನಿಲ್ಲಬಾರದು ಎಂಬುದೇ ಅಲ್ಲಿ ನಾವು ಪಾಲಿಸುತ್ತಿದ್ದ ನಿಯಮ. ಹೊತ್ತು ಮುಳುಗುವ ಮೊದಲು ವಾಲ್ವ್ ಮುಚ್ಚಿ, ಎಲ್ಲಕ್ಕಿಂತ ತಗ್ಗಿನಲ್ಲಿರುವ ನಲ್ಲಿಯನ್ನೂ ಎತ್ತರದ ನಲ್ಲಿಯನ್ನೂ ತೆರೆದು, ಪೈಪಿನೊಳಗೆ ಗಾಳಿ ಹೋಗಿ ನೀರೆಲ್ಲ ಇಳಿದುಹೋಗುವಂತೆ ಮಾಡುತ್ತಿದ್ದೆವು. ಕೆಳಗಿನದನ್ನು ಮಾತ್ರ ತೆರೆದರೆ ಮೇಲಿನ ನೀರು ಅಲ್ಲೇ ಹಿಡಿದುಕೊಳ್ಳುತ್ತದೆ. ಆ ಹಸಿರು ಪೈಪನ್ನು ಇವತ್ತೇ ಬಿಚ್ಚಲು ಹೇಳಿ. ಹಿಮಕ್ಕೆ ತಡೆಯುವಂತೆ ಮಾಡಿದ ನಲ್ಲಿಯಾದರೂ ಪೈಪು ಸಿಕ್ಕಿಸಿದ್ದರೆ ಒಳಗಿನ ನೀರು ಹೊರಗೆ ಹರಿಯದೆ ಗಡ್ಡೆಯಾಗುತ್ತದೆ.

ಉತ್ತರ: ಎಂಜಿನಿಯರ್, ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಮೇಡಂ, ನಾನು ಮಿನ್ನೆಸೋಟಾದ ಸೇಂಟ್ ಪಾಲ್‌ನಲ್ಲಿ ಎಂಟು ವರ್ಷ ಇದ್ದು ಊರಿಗೆ ಮರಳಿದವನು. ನಿಮ್ಮ ಮಗಳ ಮಾತು ಅರ್ಧ ಸರಿ. ಅಳಿಯಂದಿರ ಉಪಾಯ ಮನೆಯಲ್ಲಿ ಜನರಿರುವಾಗ, ಒಂದೆರಡು ರಾತ್ರಿಯ ವಿಪರೀತ ಚಳಿಗೆ ಮಾತ್ರ ಸರಿ. ಬೀಗ ಹಾಕಿದ ಮನೆಯಲ್ಲಿ ನಲ್ಲಿ ತೊಟ್ಟಿಕ್ಕಲು ಬಿಟ್ಟರೆ, ಆ ಸಣ್ಣ ಧಾರೆಯೇ ಹೊರಹೋಗುವ ಕೊಳವೆಯಲ್ಲಿ ಪದರ ಪದರವಾಗಿ ಹೆಪ್ಪುಗಟ್ಟಿ ದಾರಿ ಮುಚ್ಚಬಹುದು. ಆಮೇಲೆ ಸಿಂಕು ತುಂಬಿ ನೀರು ನೆಲಕ್ಕೆ ಬರುತ್ತದೆ.

ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಬಹಳ ಸಲ ಪೈಪು ಒಡೆಯುವುದು ಗಡ್ಡೆ ಕಟ್ಟಿದ ಜಾಗದಲ್ಲಿ ಅಲ್ಲ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ದಾರಿ ಇಲ್ಲದೆ ಒತ್ತಡ ಏರುತ್ತಾ ಹೋಗಿ, ಎಲ್ಲಿ ಬಲ ಕಡಿಮೆಯೋ ಅಲ್ಲಿ ಬಿರಿಯುತ್ತದೆ. ನಮ್ಮ ಬಾಡಿಗೆ ಮನೆಯಲ್ಲಿ ಗ್ಯಾರೇಜಿನ ಗೋಡೆಯೊಳಗಿದ್ದ ತಾಮ್ರದ ಪೈಪು ಹೀಗೆ ಹೋಗಿದ್ದನ್ನು ನೋಡಿದ್ದೇನೆ. ಒಣಗಿದ ತೊಗರಿಕಾಯಿ ಸಿಡಿದಂತೆ ಉದ್ದಕ್ಕೆ ನಾಲ್ಕು ಬೆರಳಿನಷ್ಟು ಸೀಳಿ, ಅಂಚುಗಳು ಹೊರಕ್ಕೆ ಮಡಿಚಿಕೊಂಡಿದ್ದವು. ಚಳಿ ಇರುವಷ್ಟು ದಿನ ಒಂದು ಹನಿಯೂ ಸೋರಲಿಲ್ಲ. ಗಡ್ಡೆ ಕರಗಿದ ಮಧ್ಯಾಹ್ನ ಗೋಡೆಯೆಲ್ಲ ನೆನೆದುಹೋಯಿತು.

ಇಲ್ಲಿಯ ಮನೆಗೂ ಅಲ್ಲಿಯ ಮನೆಗೂ ಇರುವ ಒಂದು ವ್ಯತ್ಯಾಸವನ್ನು ಮಗಳಿಗೆ ಒತ್ತಿ ಹೇಳಿ. ನಮ್ಮಲ್ಲಿ ಪೈಪು ಒಡೆದರೆ ಮಾಳಿಗೆಯ ಮೇಲಿನ ಸಾವಿರ ಲೀಟರಿನ ಟ್ಯಾಂಕು ಖಾಲಿಯಾದಾಗ ಸೋರಿಕೆ ತಾನಾಗಿ ನಿಲ್ಲುತ್ತದೆ. ಅಲ್ಲಿ ಟ್ಯಾಂಕೂ ಇಲ್ಲ, ಸಂಪೂ ಇಲ್ಲ. ಬೀದಿಯ ಕೊಳವೆಯಿಂದ ಹಗಲೂ ರಾತ್ರಿ ಒತ್ತಡದ ನೀರು ನೇರವಾಗಿ ಮನೆಯೊಳಗೆ ಬರುವುದರಿಂದ, ಯಾರಾದರೂ ನೋಡಿ ನಿಲ್ಲಿಸುವವರೆಗೆ ಹರಿಯುತ್ತಲೇ ಇರುತ್ತದೆ. ಆದ್ದರಿಂದ ಹೊರಡುವ ದಿನ ನೆಲಮಾಳಿಗೆಯಲ್ಲಿ ಮೀಟರಿನ ಬಳಿ ಇರುವ ಮುಖ್ಯ ವಾಲ್ವ್ ಮುಚ್ಚಿ, ಹಿಂದಿನವರು ಹೇಳಿದಂತೆ ನೀರನ್ನು ಇಳಿಸಿಬಿಡುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಶೌಚಾಲಯದ ಫ್ಲಶ್ ಟ್ಯಾಂಕನ್ನೂ ಖಾಲಿ ಮಾಡಬೇಕು.

ಹಾಗೆಂದು ಮನೆಯ ಬಿಸಿ ಆರಿಸಬಾರದು. ಥರ್ಮೋಸ್ಟಾಟನ್ನು 13 ಡಿಗ್ರಿ ಸೆಲ್ಸಿಯಸ್, ಅಂದರೆ ಅಲ್ಲಿಯ ಲೆಕ್ಕದಲ್ಲಿ 55 ಡಿಗ್ರಿಗಿಂತ ಕೆಳಗೆ ಇಳಿಸದಿರಲಿ. ಹೊರಗೋಡೆಗೆ ತಾಗಿದ ಸಿಂಕುಗಳ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟರೆ ಒಳಗಿನ ಬಿಸಿಗಾಳಿ ಪೈಪಿಗೆ ತಾಗುತ್ತದೆ. ಬಿಸಿನೀರಿನ ರೇಡಿಯೇಟರುಗಳಿಂದ ಮನೆ ಕಾಯಿಸುವ ವ್ಯವಸ್ಥೆ ಇದ್ದರೆ ಮಾತ್ರ, ಮುಖ್ಯ ವಾಲ್ವ್ ಮುಚ್ಚುವ ಮೊದಲು ಅದರ ಕೆಲಸ ಬಲ್ಲವರನ್ನು ಕೇಳಲೇಬೇಕು. ಪರಿಚಯದವರಿಗೆ ಕೀಲಿ ಕೊಟ್ಟು ಎರಡು ಮೂರು ದಿನಕ್ಕೊಮ್ಮೆ ಒಳಗೆ ಹೋಗಿ ನೋಡುವಂತೆ ಹೇಳಿ. ವಿಮೆಯ ಪತ್ರವನ್ನೂ ಓದಬೇಕು. ಖಾಲಿ ಮನೆಯಲ್ಲಿ ಬಿಸಿ ಉಳಿಸಿರಬೇಕು ಅಥವಾ ನೀರು ಇಳಿಸಿರಬೇಕು ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃದಯಪೂರ್ವಕ ವಂದನೆಗಳು. ಹಸಿರು ಪೈಪು ಬಿಚ್ಚಿದ್ದಾರೆ. ಹಳದಿ ಹಿಡಿಕೆಯ ವಾಲ್ವ್ ಅನ್ನೂ ಹುಡುಕಿ ನನಗೆ ತೋರಿಸಿದರು. ಮನೆ ಕಾಯಿಸುವುದು ಬಿಸಿಗಾಳಿಯ ಯಂತ್ರವಂತೆ, ರೇಡಿಯೇಟರು ಇಲ್ಲ. ಕಮೋಡಿನೊಳಗೆ, ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ನಿಲ್ಲುವ ನೀರಿಗೆ ಏನು ಮಾಡಬೇಕು? ಸ್ನಾನದ ನೀರಿನ ಹೀಟರನ್ನೂ ಖಾಲಿ ಮಾಡಬೇಕೆ?

ಉತ್ತರ: ಎಂಜಿನಿಯರ್, ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಆ ಬಾಗಿನ ನೀರನ್ನು ತೆಗೆಯಬಾರದು ಮೇಡಂ. ಚರಂಡಿಯ ಗಾಳಿ ಒಳಗೆ ಬರದಂತೆ ತಡೆಯುವುದೇ ಅದು. ಬಿಸಿ ಉಳಿದಿರುವ ಮನೆಯಲ್ಲಿ ಅದು ಹೆಪ್ಪುಗಟ್ಟುವುದಿಲ್ಲ. ವಿದ್ಯುತ್ ಹೋಗುವ ಭಯವಿದ್ದರೆ ಪ್ರೊಪಿಲೀನ್ ಗ್ಲೈಕಾಲ್ ಇರುವ ಗುಲಾಬಿ ಬಣ್ಣದ ದ್ರವವನ್ನು ಸುರಿಯಬಹುದು. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಬೇಡ. ಹೀಟರನ್ನು ತುಂಬಿದಂತೆಯೇ ಬಿಟ್ಟು ಕನಿಷ್ಠ ಬಿಸಿಗೆ ಇಟ್ಟರೆ ಸಾಕು. ಖಾಲಿ ಮಾಡಲೇಬೇಕೆಂದರೆ ಮೊದಲು ಕರೆಂಟು ಅಥವಾ ಗ್ಯಾಸು ಆಫ್ ಮಾಡಬೇಕು, ಇಲ್ಲವಾದರೆ ವಿದ್ಯುತ್ ಹೀಟರಿನ ಕಾಯಿಲ್ ಸುಟ್ಟುಹೋಗುತ್ತದೆ. ಮರಳಿ ಹೋದ ದಿನ ಎಲ್ಲ ನಲ್ಲಿಗಳನ್ನು ಮುಚ್ಚಿ, ಮುಖ್ಯ ವಾಲ್ವ್ ಅನ್ನು ಒಮ್ಮೆಲೇ ತಿರುಗಿಸದೆ ನಿಧಾನವಾಗಿ ತೆರೆಯಲಿ. ಅಳಿಯಂದಿರು ವಾಲ್ವ್ ಬಳಿ ನಿಂತಿರುವಾಗ ಮಗಳು ಪ್ರತಿ ಕೋಣೆಯಲ್ಲೂ ಸೋರುವ ಸದ್ದು ಇದೆಯೇ ಎಂದು ಕಿವಿಗೊಟ್ಟು ಬರಲಿ.