ಪದಚರ್ಚೆ: ಟಿಂಟ್, ಶೇಡ್, ಟೋನ್ – ಮೂರಕ್ಕೂ ಬೇರೆ ಬೇರೆ ಪದ ಬೇಕು (ತುರ್ತು)

ಮಿತ್ರರೇ,
ಕಲೆಯ ಮೊದಲ ಪಾಠದ ಗೋಡೆಪಟ ನಾಳೆ ಅಚ್ಚಿಗೆ ಹೋಗಬೇಕು. ಚಿತ್ರ, ಸಂಗೀತ, ನೃತ್ಯ ಮೂರರ ಪದಗಳೂ ಒಂದೇ ಪಟದಲ್ಲಿವೆ. ತೊಡಕು ಬಣ್ಣದ ಸಾಲುಗಳಲ್ಲಿ. ಬಿಳಿ ಸೇರಿಸಿದರೆ ಟಿಂಟ್, ಕಪ್ಪು ಸೇರಿಸಿದರೆ ಶೇಡ್, ಬೂದು ಸೇರಿಸಿದರೆ ಟೋನ್. ಕರಡಿನಲ್ಲಿ ಮೂರಕ್ಕೂ 'ಛಾಯೆ' ಎಂದೇ ಇದೆ. ಕೆಂಪು, ಹಳದಿ, ನೀಲಿ ಎಂದು ಗುರುತಿಸುವ 'ಹ್ಯೂ'ಗೆ 'ವರ್ಣ' ಎಂದಿದೆ. ಪಟದ ಬಣ್ಣದ ಚೌಕದ ಕೆಳಗೆ ಎರಡು ಪದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

ಮರು:
'ವರ್ಣ' ಮೊದಲು ತೆಗೆಯಿರಿ. ಅದೇ ಪಟದ ನೃತ್ಯಭಾಗದಲ್ಲಿ ಭರತನಾಟ್ಯದ ಅಲರಿಪು, ಜತಿಸ್ವರ, ಶಬ್ದ ಆದಮೇಲೆ ಬರುವುದೂ ವರ್ಣವೇ, ಸಂಗೀತದಲ್ಲಿ ತಾನವರ್ಣ. 'ಛಾಯೆ'ಯದೂ ಇದೇ ಪಾಡು: ಒಂದು ರಾಗದಲ್ಲಿ ಇನ್ನೊಂದು ಸುಳಿದರೆ ಅದು ಛಾಯೆ. ಚಿತ್ರದಲ್ಲಿ ಛಾಯೆ ಎಂದರೆ ನೆರಳು. ಚೆಂಡು ಬರೆದಾಗ ಬೆಳಕು ತಾಕದ ಬದಿಯ ಮೈನೆರಳು ಬೇರೆ, ನೆಲಕ್ಕೆ ಬಿದ್ದ ನೆರಳು ಬೇರೆ. ಇವೆರಡಕ್ಕೂ ಕಪ್ಪು ಬೆರೆಸುವುದಕ್ಕೂ ಸಂಬಂಧವಿಲ್ಲ, ನೆರಳನ್ನು ನೀಲಿಯಿಂದಲೂ ತರಬಹುದು. ಹ್ಯೂಗೆ 'ಬಣ್ಣ' ಸಾಕು. ಉಳಿದದ್ದಕ್ಕೆ ತಿಳಿಬಣ್ಣ, ಕಡುಬಣ್ಣ, ಮಾಸಲು ಬಣ್ಣ.

ಮರು:
'ಕಡು' ತಪ್ಪು. ಕಡುಬಿಸಿಲು, ಕಡುಬಡವ, ಕಡುಗೋಪ: ಎಲ್ಲೆಡೆ ಅದು ತೀವ್ರತೆಯನ್ನೇ ಹೇಳುತ್ತದೆ. ಕಡುಗೆಂಪು ಎಂದರೆ ಗಟ್ಟಿ ಕೆಂಪು, ಕಪ್ಪು ಬೆರೆತ ಕೆಂಪಲ್ಲ. ಕಪ್ಪು ಬೆರೆತರೆ ಬಣ್ಣದ ತೀವ್ರತೆ ಇಳಿಯುತ್ತದೆ. ಹಳದಿಗೆ ಕಪ್ಪು ಹಾಕಿ ನೋಡಿ, ಪಾಚಿಹಸಿರಿನತ್ತ ತಿರುಗುತ್ತದೆ. ಅದನ್ನು ಕಡುಹಳದಿ ಎನ್ನುವವರುಂಟೇ? ನಮ್ಮಲ್ಲೇ 'ಬೆಳ್', 'ಕರ್' ಎಂಬ ಬೇರುಗಳಿವೆ. ಕರ್+ಪೊನ್ (ಕಪ್ಪು ಲೋಹ) ಸೇರಿಯೇ ಕರ್ಬೊನ್, ಅದರಿಂದ ಕಬ್ಬಿಣ. ಬೆಳ್ವಣ್ಣ, ಕರ್ವಣ್ಣ, ಬೂದುವಣ್ಣ ಎಂದಿಡಿ. 'ತಿಳಿವರ್ಣ' ಎಂದು ಮಾತ್ರ ಯಾರೂ ಬರೆಯಬೇಡಿ, ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ ಅದು.

ಮರು:
'ಮಳೆಗಾಲ' ಎನ್ನುವ ನಾಡಿನಲ್ಲಿ ಅರಿಸಮಾಸದ ಬೆದರಿಕೆ ಬೇಡ. ಬೆಳ್ವಣ್ಣ ಎಂದರೆ ಓದುವವರಿಗೆ ಬೆಳ್ಳಗಿನ ಬಣ್ಣ ಎಂದೇ ಆಗುತ್ತದೆ. ಕೆಂಪಿನ ಟಿಂಟ್ ಬಿಳಿಯಲ್ಲ, ಗುಲಾಬಿ. ಟಿಂಟ್, ಶೇಡ್ ಹಾಗೇ ಇರಲಿ, ಎಲ್ಲರಿಗೂ ಗೊತ್ತು.

ಮರು:
ಯಾರಿಗೂ ಗೊತ್ತಿಲ್ಲ. ಬಟ್ಟೆ ಕೊಳ್ಳುವವರು, ಗೋಡೆಗೆ ಬಣ್ಣ ಹೊಡೆಯುವವರು 'ಲೈಟ್ ಶೇಡ್, ಡಾರ್ಕ್ ಶೇಡ್' ಎನ್ನುತ್ತಾರೆ. ಅಲ್ಲಿ ಶೇಡ್ ಎಂದರೆ ಬಣ್ಣದ ಯಾವ ಬಗೆಯೂ ಆದೀತು. ಲೈಟ್ ಶೇಡ್ ಅನ್ನುವ ಬಾಯಿಗೆ ಕಪ್ಪು ಬೆರೆತದ್ದು ಮಾತ್ರ ಶೇಡ್ ಎಂದು ಕಲಿಸುವುದು ಎರಡು ಪಟ್ಟು ಕೆಲಸ.

ಮಾಡುವ ಕೆಲಸವನ್ನೇ ಹೆಸರಾಗಿಸಿ: 'ಬಿಳಿ ಬೆರೆತದ್ದು', 'ಕಪ್ಪು ಬೆರೆತದ್ದು', 'ಬೂದು ಬೆರೆತದ್ದು'. ಎರಡೆರಡೇ ಪದ. 'ಬೆರಕೆ' ಬೇಡ, ಕಲಬೆರಕೆಯ ವಾಸನೆ ಬರುತ್ತದೆ. ಬಿಳಿಯ ಸಾಲು ಮಾಡುವಾಗ ಬಿಳಿಗೆ ಬಣ್ಣವನ್ನು ಚೂರುಚೂರೇ ಸೇರಿಸಬೇಕು. ಬಣ್ಣಕ್ಕೆ ಬಿಳಿ ಸುರಿಯುತ್ತ ಹೋದರೆ ತಟ್ಟೆ ತುಂಬಿದರೂ ತಿಳಿಯಾಗುವುದಿಲ್ಲ. ಕಪ್ಪಿನದು ತಿರುಗುಮುರುಗು: ಬಣ್ಣಕ್ಕೆ ಕಪ್ಪು, ಅದೂ ಕುಂಚದ ತುದಿಯಷ್ಟು. ಬೂದು ಆ ಬಣ್ಣದಷ್ಟೇ ತಿಳಿಯಾಗಿರಬೇಕು, ಆಗ ತೀವ್ರತೆಯೊಂದೇ ಇಳಿಯುತ್ತದೆ. ಹಳದಿಗೆ ಗಾಢ ಬೂದು ಹಾಕಿದರೆ ಕಪ್ಪಿನ ಸಾಲೇ ಮತ್ತೆ ಬಂದಂತೆ.

ಸಂಗೀತದ ಟೋನ್ ಬೇರೆ ಮಾತು. ತಂತಿಯ ದನಿಗೂ ಕೊಳಲಿನ ದನಿಗೂ ಇರುವ ವ್ಯತ್ಯಾಸ ಹೇಳಬೇಕಾದಲ್ಲಿ 'ನಾದಗುಣ' ಹಾಕಿ. 'ಶ್ರುತಿ', 'ಸ್ವರ' ಬೇಡ.

ಮರು:
ಸರಿ, 'ಬೆರೆತದ್ದು' ಹಾಕುತ್ತೇನೆ. ಕಪ್ಪಿಗೆ 0, ಬಿಳಿಗೆ 10 ಎಂದು ಅಳೆಯುವ ಮನ್ಸೆಲ್ ಪಟ್ಟಿಯ 'ವ್ಯಾಲ್ಯೂ'ಗೆ? 'ಮೌಲ್ಯ' ಎಂದಿದೆ.

ಮರು:
ಮೌಲ್ಯ ಅಲ್ಲವೇ ಅಲ್ಲ. ಬೆಲೆಯಲ್ಲ ಅದು, 'ತಿಳಿತನ'.

ಮರು:
ಕರ್ವಣ್ಣ ಬಿಟ್ಟದ್ದು ನಷ್ಟ. ಅಚ್ಚಗನ್ನಡ ಕೈಯಲ್ಲಿದ್ದೂ ಬಿಟ್ಟಿರಿ.

ಮರು:
'ವಣ್ಣ' ಬಂದದ್ದು ವರ್ಣದಿಂದಲೇ, ಬೂದಿ ಬಂದದ್ದು ಭೂತಿಯಿಂದ. ಇವನ್ನು ಇಟ್ಟುಕೊಂಡು ಛಾಯೆಯನ್ನು ಮಾತ್ರ ಹೊರಗಟ್ಟುವುದು ಯಾವ ನಿಯಮ?

ಮರು:
ಛಾಯೆ ಬಿಟ್ಟದ್ದು ಮೂಲ ನೋಡಿ ಅಲ್ಲ. ಒಂದೇ ಪಟದಲ್ಲಿ ಅದಕ್ಕೆ ಮೂರು ಅರ್ಥವಾಗುತ್ತಿತ್ತು, ಅದಕ್ಕೆ.